ಎದುರುಮನೆ ಚಿಕ್ಕಮ್ಮನ ಹಪ್ಪಳದ ಭಟ್ಟಿ

ಮೊನ್ನೆ ನೆರೂಳದ ನಮ್ಮ ಮನೆಯಲ್ಲಿ ಹಪ್ಪಳ ಸುಡುತ್ತಿದ್ದೆ. ಬಾಗಿಲಿಗೆ ಬಂದ ಕೊರಿಯರ್‌ನವನ ಹತ್ತಿರ ಎರಡು ಮಾತಾಡಿ ಬರುವಷ್ಟರಲ್ಲಿ ಅದು ಕರಟಿ ಕಪ್ಪಾಗಿತ್ತು. ಉದ್ದಿನ ಹಪ್ಪಳ ಕರಟಿದ ವಾಸನೆಯಲ್ಲಿ ಒಂದು ಕಹಿ ಇರುತ್ತದೆ, ಗಂಟಲಿನ ಹಿಂದೆ ಹೋಗಿ ಕೂರುತ್ತದೆ. ಒಲೆ ಆರಿಸಿದೆ, ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡಿದೆ, ಕಿಟಕಿಗಳನ್ನೆಲ್ಲ ತೆರೆದು ನಿಂತೆ. ಮಗಳು "ಇತನಾ ಕ್ಯಾ ಡರನಾ, ಮಮ್ಮಿ" ಎಂದು ನನ್ನ ಹೆದರಿಕೆಗೆ ನಕ್ಕಳು. ನಗಲಿ. ಅವಳು ಡೊಂಬಿವಲಿಯ ಆ ಮನೆಯನ್ನು ನೋಡಿದವಳಲ್ಲ.

ಮದುವೆಗೆ ಮುಂಚೆ, ನಾನು ವಾಗ್ಳೆ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಆಫೀಸಿಗೆ ಹೋಗುತ್ತಿದ್ದ ಕಾಲ. ಡೊಂಬಿವಲಿಯಲ್ಲಿ ನಮ್ಮ ಬಾಗಿಲು ತೆರೆದರೆ ಎದುರಿಗೆ ಚಿಕ್ಕಮ್ಮನ ಬಾಗಿಲು, ನಡುವೆ ಮೂರು ಜನ ಒತ್ತಾಗಿ ನಿಲ್ಲಬಹುದಾದ ಪ್ಯಾಸೇಜು. ರಕ್ತಸಂಬಂಧ ಏನೂ ಇಲ್ಲದಿದ್ದರೂ ಅವರು ನನಗೆ ಚಿಕ್ಕಮ್ಮ, ಅವರ ಗಂಡ ಚಿಕ್ಕಪ್ಪ. ಉಡುಪಿ ಕಡೆಯವರು. ಚಿಕ್ಕಪ್ಪ ಠಾಣೆ ಊರಿನ ಹೋಟೆಲೊಂದರಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದರು. ಮಕ್ಕಳಿರಲಿಲ್ಲ. ಚಿಕ್ಕಮ್ಮ ಮನೆಯಲ್ಲೇ ಹಪ್ಪಳ ಸಂಡಿಗೆ ಮಾಡಿ ಹೋಟೆಲುಗಳಿಗೆ ಕೊಡುತ್ತಿದ್ದರು.

ಹೆದರಿಕೆ ಎಂದರೇನೆಂದು ಆ ಹೆಂಗಸಿಗೆ ಗೊತ್ತಿರಲಿಲ್ಲ. ಕುದಿಯುವ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸುತ್ತಿದ್ದರು. ನಾನೋ, ಸ್ಟೇಶನ್ ತನಕ ಹೋಗಿ, ಇಸ್ತ್ರಿಪೆಟ್ಟಿಗೆ ಆರಿಸಿದೆನೋ ಇಲ್ಲವೋ ಎಂದು ಮನೆಗೆ ಓಡಿ ಬರುವವಳು. "ನಿಂಗೆ ಎಂತ ಹೆದರಿಕೆ ಮಾರಾಯ್ತಿ! ನಿನ್ನ ನೆರಳಿಗೂ ಒಂದು ಬೀಗ ಹಾಕಿ ಹೋಗು" ಎಂದು ಪ್ಯಾಸೇಜು ತುಂಬ ಕೇಳುವಂತೆ ನಗುತ್ತಿದ್ದರು. ಸಿಟ್ಟು ಬರುತ್ತಿತ್ತು. ಆದರೆ ಅವರು ನಗದೆ ಇದ್ದ ದಿನ ಏನೋ ಕಡಿಮೆಯಾದಂತೆ ಅನಿಸುತ್ತಿದ್ದದ್ದೂ ನಿಜ.

ಹಪ್ಪಳಕ್ಕೆ ವೈರಿ ಮಳೆ. ಬೇಸಿಗೆಯಲ್ಲಿ ಟೆರೇಸಿನ ತುಂಬ ಅವರ ಸೀರೆಗಳು, ಸೀರೆಗಳ ತುಂಬ ಹಪ್ಪಳ. ಜೂನ್ ಬಂತೆಂದರೆ ಕೆಲಸ ನಿಂತಿತು. ಒಂದು ವರ್ಷ ಅವರು ಅಂಬರನಾಥದ ವರ್ಕ್‌ಶಾಪೊಂದರಲ್ಲಿ ಹೇಳಿ ಮಾಡಿಸಿ ಒಂದು ತಗಡಿನ ಕಪಾಟು ತಂದರು. ಕೆಳಗೆ ಗ್ಯಾಸಿನ ಬೆಂಕಿ, ಹಿಂದೆ ಕರೆಂಟಿನ ಬ್ಲೋಅರ್. ಬ್ಲೋಅರ್ ಬಿಸಿಗಾಳಿಯನ್ನು ಹಪ್ಪಳದ ತಟ್ಟೆಗಳ ನಡುವೆ ಹಾಯಿಸಿ, ಒಂದು ಕೊಳವೆಯಿಂದ ಕಿಟಕಿಯ ಆಚೆಗೆ ತಳ್ಳುತ್ತಿತ್ತು. ಗ್ಯಾಸಿನ ದಾರಿಯಲ್ಲಿ ಒಂದು ವಾಲ್ವ್. ಕರೆಂಟ್ ಇದ್ದರೆ ಅದು ತೆರೆದಿರುತ್ತದೆ, ಹೋದ ಕೂಡಲೇ ಮುಚ್ಚಿ ಬೆಂಕಿ ಆರುತ್ತದೆ. ಗಾಳಿಯಿಲ್ಲದೆ ಬೆಂಕಿಯೊಂದೇ ಉರಿದು ಅದರ ಹೊಗೆ ಮನೆಯೊಳಗೇ ತುಂಬಬಾರದಲ್ಲ, ಅದಕ್ಕೆ. ಚಿಕ್ಕಮ್ಮ ಅದನ್ನು ಭಟ್ಟಿ ಎಂದು ಕರೆದು, ಅರಿಶಿನ ಕುಂಕುಮ ಹಚ್ಚಿ ಅಡುಗೆಮನೆಯಲ್ಲಿ ಕೂರಿಸಿದರು.

ಕಷ್ಟ ಶುರುವಾದದ್ದು ಕರೆಂಟಿನಿಂದ. ಮಳೆಗಾಲದಲ್ಲಿ ಅದು ಹೋಗುತ್ತಲೇ ಇರುತ್ತಿತ್ತು. ಪ್ರತಿ ಸಲ ಬೆಂಕಿ ಆರಿ, ಅರ್ಧ ಒಣಗಿದ ಹಪ್ಪಳ ಹುಳಿವಾಸನೆ ಹಿಡಿದು ಕಸದ ಬುಟ್ಟಿ ಸೇರುತ್ತಿತ್ತು. ಆದರೆ ಬಿಲ್ಡಿಂಗಿನ ಎಲ್ಲರ ಕರೆಂಟೂ ಯಾವಾಗಲೂ ಒಟ್ಟಿಗೆ ಹೋಗುತ್ತಿರಲಿಲ್ಲ. ಅವರ ಮನೆ ಒಂದು ಫೇಸಿನ ಮೇಲೆ, ನಮ್ಮದು ಇನ್ನೊಂದರ ಮೇಲೆ. ಅವರಲ್ಲಿ ಕತ್ತಲಾದಾಗ ನಮ್ಮಲ್ಲಿ ಫ್ಯಾನ್ ತಿರುಗುತ್ತಿರುತ್ತಿತ್ತು. ಆಗ ನಮ್ಮ ಕಡೆಯವರೆಲ್ಲ ಮಾಡುತ್ತಿದ್ದ ಕೆಲಸ ಒಂದೇ: ಎದುರುಮನೆಯಿಂದ ಒಂದು ವಯರ್ ಎಳೆದು ಫ್ರಿಜ್ಜೋ ಟಿವಿಯೋ ನಡೆಸಿಕೊಳ್ಳುವುದು. ಮೊಸರಿಗೆ ಹೆಪ್ಪು ಕೇಳಿದಷ್ಟೇ ಸಲೀಸಾಗಿ ಕರೆಂಟನ್ನೂ ಕೇಳುತ್ತಿದ್ದೆವು.

ಚಿಕ್ಕಮ್ಮ ಎಲೆಕ್ಟ್ರಿಶಿಯನ್‌ನನ್ನು ಕರೆಸಿದರು. ಭಟ್ಟಿಯನ್ನು ಪೂರ್ತಿ ನಮ್ಮ ವಯರಿಗೆ ಹಾಕಲು ಆತ ಒಪ್ಪಲಿಲ್ಲ. ಬ್ಲೋಅರಿನ ಲೋಡಿಗೆ ತೆಳ್ಳಗಿನ ವಯರ್ ಸುಟ್ಟುಹೋಗುತ್ತದೆ ಎಂದ. ಬದಲಿಗೆ ವಾಲ್ವನ್ನು ಮಾತ್ರ ಬಿಡಿಸಿ, ಅದರ ವಯರನ್ನು ಪ್ಯಾಸೇಜು ದಾಟಿಸಿ ನಮ್ಮ ನಡುಮನೆಯ ಪ್ಲಗ್ಗಿಗೆ ಹಾಕಿದ. ಇನ್ನು ಅವರ ಕರೆಂಟ್ ಹೋದರೆ ಬ್ಲೋಅರ್ ನಿಲ್ಲುತ್ತದೆ, ಬೆಂಕಿ ಆರುವುದಿಲ್ಲ. ಇದ್ದ ಕಾವಿನಲ್ಲೇ ಹಪ್ಪಳ ಉಳಿದುಕೊಳ್ಳುತ್ತದೆ.

"ಗಾಳಿ ನಿಂತು ಬೆಂಕಿ ಉರಿಯುತ್ತಾ ಇದ್ರೆ?" ಎಂದು ನಾನು ಕೇಳಿದೆ. "ಕುಛ್ ನಹೀ ಹೋತಾ, ತಾಯಿ" ಎಂದು ಆತ ನನ್ನ ಮಾತನ್ನು ತಳ್ಳಿಹಾಕಿದ. ಚಿಕ್ಕಮ್ಮನೂ ಕೈ ಬೀಸಿದರು. "ನಾನು ಮನೆಯಲ್ಲೇ ಇರ್ತೇನಲ್ಲ, ನಂದಿಸ್ಲಿಕ್ಕೆ ನಂಗೆ ಬರುದಿಲ್ವಾ?"

ಆ ಪ್ಲಗ್ಗು ನಮ್ಮ ಟಿವಿಯ ಪಕ್ಕದಲ್ಲಿ ಕೂತಿತು. ಅದರ ಮೇಲಿನ ಕೆಂಪು ದೀಪ ನನ್ನನ್ನೇ ನೋಡುತ್ತಿದ್ದಂತೆ ಅನಿಸುತ್ತಿತ್ತು. ಊಟಕ್ಕೆ ಕೂತರೆ ಅತ್ತ ಕಣ್ಣು, ಆಫೀಸಿನಲ್ಲಿ ಕೂತರೆ ಅದರದ್ದೇ ಯೋಚನೆ. ನಮ್ಮಪ್ಪ ತಮಾಷೆ ಮಾಡಿ ಮಾಡಿ ಸುಸ್ತಾದರು.

ಆ ದಿನ ಜೋರು ಮಳೆ. ಹಳಿಯ ಮೇಲೆ ನೀರು ನಿಂತು ಲೋಕಲ್ ಟ್ರೇನು ಬಂದ್. ನಾನು ಸ್ಟೇಶನ್ನಿನಿಂದಲೇ ವಾಪಸು ಬಂದೆ. ಯಾವತ್ತೂ ಹಗಲಲ್ಲಿ ಮನೆಯಲ್ಲಿರದ ಚಿಕ್ಕಪ್ಪನೂ ತಿರುಗಿ ಬಂದು ಒಳಕೋಣೆಯಲ್ಲಿ ಮಲಗಿದ್ದರು. ಮಧ್ಯಾಹ್ನ ಮಳೆ ಸ್ವಲ್ಪ ಬಿಟ್ಟಾಗ ಚಿಕ್ಕಮ್ಮ ಭಟ್ಟಿಯನ್ನು ಉರಿಯಲು ಬಿಟ್ಟು, ಉದ್ದಿನ ಡಬ್ಬಿ ಸೊಂಟಕ್ಕೇರಿಸಿ ಗಿರಣಿಗೆ ಹೊರಟರು. ಗಂಡನ ನಿದ್ದೆ ಕೆಡದಿರಲಿ ಎಂದು ಹೊರಗಿನಿಂದ ಬೀಗ ಹಾಕಿ, ಎಂದಿನಂತೆ ಕೀಲಿಯನ್ನು ನಮ್ಮ ಮನೆಯಲ್ಲಿ ಕೊಟ್ಟರು. "ಈಗ ಬಂದೆ" ಎಂದರು.

ಎಷ್ಟು ಹೊತ್ತಾಯಿತೋ ನೆನಪಿಲ್ಲ… ಮೊದಲು ಬಂದದ್ದು ವಾಸನೆ. ಕರಟಿದ ಹಪ್ಪಳ. ಬಾಗಿಲು ತೆರೆದೆ. ಸದಾ ಕೇಳುವ ಬ್ಲೋಅರಿನ ಗುಂಯ್ ಶಬ್ದ ಇಲ್ಲ. ಅವರ ಬಾಗಿಲ ಮೇಲಿನ ಬಲ್ಬು ಆರಿತ್ತು. ತಿರುಗಿ ನೋಡಿದರೆ ನಮ್ಮ ನಡುಮನೆಯಲ್ಲಿ ಆ ಕೆಂಪು ದೀಪ ಉರಿಯುತ್ತಿದೆ. ಬೆಂಕಿಗೆ ಅನ್ನ ಹಾಕುತ್ತಿದ್ದದ್ದು ನಮ್ಮ ಮನೆ.

ಓಡಿ ಹೋಗಿ ಪ್ಲಗ್ಗು ಕಿತ್ತೆ. ಗಾಬರಿಯಲ್ಲಿ ಕೀಲಿ ತೂತಿಗೆ ಸೇರುತ್ತಿಲ್ಲ. ಅಪ್ಪ ಬಂದು ಬೀಗ ತೆಗೆದರು. ಒಳಗೆ ಹೊಗೆ, ತಡೆಯಲಾಗದ ಸೆಖೆ. ಮಳೆಯೆಂದು ಕಿಟಕಿಗಳೆಲ್ಲ ಮುಚ್ಚಿದ್ದವು. ಚಿಕ್ಕಪ್ಪ ಎಚ್ಚರವಾಗಿ ಏಳಲು ನೋಡಿ, ಮಂಚದಿಂದ ಜಾರಿ ನೆಲದ ಮೇಲೆ ಕೂತಿದ್ದರು. ಕರೆದರೆ ನಮ್ಮನ್ನು ನೋಡುತ್ತಾರೆ, ಗುರುತು ಸಿಗುತ್ತಿಲ್ಲ. ಇಬ್ಬರೂ ಸೇರಿ ಪ್ಯಾಸೇಜಿಗೆ ಎಳೆದು ತಂದೆವು. ಕೆಳಗಿನ ಮಹಡಿಯ ಡಾಕ್ಟರು ಓಡಿ ಬಂದರು. ಗಾಳಿ ತಾಗಿ, ವಾಂತಿಯಾಗಿ, ಕೊನೆಗೆ ಚಿಕ್ಕಪ್ಪ ನನ್ನ ಹೆಸರು ಹಿಡಿದು ಕರೆದಾಗ ನಾನು ಗೋಡೆಗೆ ಒರಗಿ ಜೋರಾಗಿ ಅತ್ತುಬಿಟ್ಟೆ.

ಚಿಕ್ಕಮ್ಮ ಮೆಟ್ಟಿಲು ಹತ್ತಿ ಬಂದದ್ದು ಆಗ. ಡಬ್ಬಿ ಕೆಳಗಿಟ್ಟು ಗಂಡನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದರು. ನಂತರ ನನ್ನನ್ನು ನೋಡಿ, "ನಾನೇ ಬೀಗ ಹಾಕಿದ್ದು" ಎಂದರು.

ಮರುದಿನ ಎಲೆಕ್ಟ್ರಿಶಿಯನ್‌ನನ್ನು ಕರೆಸಿ ಅವನ ತಲೆಯ ಮೇಲೆಯೇ ನಿಂತು ಎಲ್ಲ ಬಿಚ್ಚಿಸಿದರು. ಮೀಟರಿನಿಂದ ಭಟ್ಟಿಗೇ ಬೇರೆ ದಪ್ಪ ಲೈನು, ಸರಿಯಾದ ಅರ್ಥಿಂಗ್, ಬ್ಲೋಅರಿಗೂ ವಾಲ್ವಿಗೂ ಒಂದೇ ಸ್ವಿಚ್ಚು. ಕರೆಂಟ್ ಹೋದರೆ ಮತ್ತೆ ಹಪ್ಪಳ ಕೆಡುತ್ತದಲ್ಲಮ್ಮ ಎಂದು ಆತ ಗೊಣಗಿದ. "ಕೆಡ್ಲಿ. ಹಪ್ಪಳ ಇನ್ನೊಂದು ಲಟ್ಟಿಸ್ತೇನೆ. ಇವರನ್ನು ಎಲ್ಲಿಂದ ತರುದು?"

ಅಂದಿನಿಂದ ಅವರು ನನ್ನ ಹೆದರಿಕೆಗೆ ನಗುವುದನ್ನು ಬಿಟ್ಟರು. ಅಷ್ಟೇ ಅಲ್ಲ, ನನ್ನ ರೋಗ ಅವರಿಗೂ ಅಂಟಿತು. ಹೊರಗೆ ಹೋಗುವಾಗ ನಮ್ಮ ಬಾಗಿಲಿಗೆ ಬಂದು "ಎಲ್ಲ ಆಫ್ ಮಾಡಿದ್ದೇನೆ" ಎಂದು ಹೇಳಿಯೇ ಇಳಿಯುವರು. ನಾನೂ ಹಾಗೆಯೇ ಹೇಳುತ್ತಿದ್ದೆ. ಒಬ್ಬರಿಗೆ ಹೇಳಿಬಿಟ್ಟರೆ ಮನಸ್ಸು ಸುಮ್ಮನಾಗುತ್ತದೆ. ಮದುವೆಯಾಗಿ ನೆರೂಳಕ್ಕೆ ಬಂದ ಮೇಲೂ ಅದು ಫೋನಿನಲ್ಲಿ ನಡೆದಿತ್ತು. ಗಂಡ, ಇದೆಂಥ ಹುಚ್ಚು ಎನ್ನುತ್ತಿದ್ದರು. ಹುಚ್ಚೇ ಇರಬೇಕು. ಇಬ್ಬರು ಸೇರಿ ಹುಚ್ಚರಾಗಿದ್ದರೆ ಅಷ್ಟೇನೂ ಭಯವಾಗುವುದಿಲ್ಲ.

ವರ್ಷಗಳ ನಂತರ ಚಿಕ್ಕಪ್ಪ ಹೃದಯದ ಕಾಯಿಲೆಯಿಂದ ಹೋದರು. ಚಿಕ್ಕಮ್ಮ ಭಟ್ಟಿಯನ್ನು ಗುಜರಿಗೆ ಹಾಕಿ, ಮನೆ ಖಾಲಿ ಮಾಡಿ, ಅಂಬರನಾಥದಲ್ಲಿದ್ದ ತಂಗಿಯ ಮನೆ ಸೇರಿದರು. ಮೆಲ್ಲಗೆ ಮರೆವು ಶುರುವಾಯಿತು. ಕೊನೆಯ ಸಲ ನೋಡಲು ಹೋದಾಗ ಹಾಸಿಗೆಯಲ್ಲಿ ಹತ್ತಿಯ ಹಾಗೆ ಹಗುರಾಗಿದ್ದರು. ನನ್ನನ್ನು ಕಂಡದ್ದೇ ಮಣಿಕಟ್ಟು ಗಟ್ಟಿಯಾಗಿ ಹಿಡಿದರು. ಕಣ್ಣಲ್ಲಿ ಆ ದಿನದ ಗಾಬರಿ.

"ನಾನು ಗಿರಣಿಯಲ್ಲಿದ್ದೇನೆ ಮಗಾ… ಭಟ್ಟಿ ಉರೀತಾ ಉಂಟಾ ನೋಡು. ಒಳಗೆ ಇವರು ಮಲಗಿದ್ದಾರೆ."

ತಂಗಿ ಏನೋ ತಿದ್ದಿ ಹೇಳಲು ಬಾಯಿ ತೆರೆದರು. ನಾನು ತಡೆದೆ. "ನೋಡಿ ಬಂದೆ ಚಿಕ್ಕಮ್ಮ. ಎಲ್ಲ ಆಫ್ ಉಂಟು. ಕಿಟಕಿ ತೆರೆದಿದ್ದೇನೆ. ಚಿಕ್ಕಪ್ಪ ಆರಾಮ ನಿದ್ದೆ ಮಾಡ್ತಿದ್ದಾರೆ."

ಹಿಡಿತ ಸಡಿಲವಾಯಿತು. "ಹಾಗಾದ್ರೆ ನಾನೂ ಸ್ವಲ್ಪ ಮಲಗ್ತೇನೆ" ಎಂದು ಗೋಡೆಯ ಕಡೆ ಹೊರಳಿದರು. ಮತ್ತೆ ನಾನು ನೋಡುವ ಮೊದಲೇ ಅವರೂ ಹೋದರು.

ಮೊನ್ನೆ ಹೊಗೆಯೆಲ್ಲ ಹೋದ ಮೇಲೂ ನಾನು ಕಿಟಕಿಯ ಬಳಿಯೇ ನಿಂತಿದ್ದೆ. ಎಲ್ಲ ಆರಿಸಿದ್ದೇನೆಂದು ಚಿಕ್ಕಮ್ಮನಿಗೆ ಹೇಳೋಣವೆಂದು ಫೋನು ಕೈಗೆ ತೆಗೆದುಕೊಂಡೆ… ತಿರುಗಿ ಕೆಳಗಿಟ್ಟೆ. ಆಮೇಲೆ ಅಡುಗೆಮನೆಗೆ ಹೋಗಿ, ಆರಿದ್ದ ಒಲೆಯನ್ನು ಇನ್ನೊಮ್ಮೆ ನೋಡಿ ಬಂದೆ. ಅದರ ನಂತರವೂ ಇನ್ನೊಮ್ಮೆ.