ಹದಿನೇಳನೇ ಬಾವಿಯ ವರದಿ

ಸೈಬೀರಿಯಾದ ಜೌಗಿನಲ್ಲಿ ಹದಿನೇಳನೇ ತೈಲಬಾವಿ ಕಾಯುವ ಜಖಾರ್ ಲೂಕಿಚ್ ದಿನಕ್ಕೆ ಆರು ಸಲ ರೇಡಿಯೋದಲ್ಲಿ ವರದಿ ಒಪ್ಪಿಸುತ್ತಿದ್ದ. ನಿಯಮ ಕೇಳುತ್ತಿದ್ದದ್ದು ಒಂದೇ ಸಲ. ಇಂಥ ನಿಷ್ಠೆಗೆ ಕಾಡಿನ ಕರಡಿಗಳೂ ಎದ್ದು ನಿಂತು ಟೋಪಿ ತೆಗೆಯುತ್ತವೆ ಎಂದು ನಾವು ಕಚೇರಿಯವರು ಹಾಡಿ ಹೊಗಳಿದೆವು, ಅವನ ಫೋಟೋವನ್ನು ಗೌರವ ಫಲಕಕ್ಕೂ ಏರಿಸಿದೆವು.

ಆಮೇಲೆ ಬಾವಿಯಲ್ಲಿ ಬರೀ ನೀರು ಬರತೊಡಗಿತು. ಪಂಚವಾರ್ಷಿಕ ಯೋಜನೆಯಲ್ಲಿ ಮಾತ್ರ ಅದಕ್ಕೆ ದಿನಕ್ಕೆ ನಲವತ್ತು ಟನ್ ಎಣ್ಣೆ ಎಂದಿತ್ತು. ಯೋಜನೆ ತಪ್ಪುವುದುಂಟೇ? ನಲವತ್ತು ಎಂದು ನಾವೇ ಬರೆದುಕೊಳ್ಳುತ್ತೇವೆ, ಇನ್ನು ವರದಿ ಬೇಡ ಎಂದು ತಿಳಿಸಿದೆವು. ಮರುದಿನ ಬೆಳಿಗ್ಗೆ ಮತ್ತೆ ಅವನದೇ ದನಿ.

"ಬೇಡ ಅಂದ್ವಲ್ಲ, ಜಖಾರ್ ಲೂಕಿಚ್! ಫಲಕದಲ್ಲಿ ಎರಡನೇ ಫೋಟೋ ಬೇಕೇನ್ರೀ?" ಎಂದು ರೇಡಿಯೋ ನೋಡಿಕೊಳ್ಳುವ ರಿಮ್ಮಾ ಛೇಡಿಸಿದಳು.

"ಇಲ್ಲಿ ಮಾತಾಡೋಕೆ ಬೇರೆ ಯಾರೂ ಇಲ್ಲಮ್ಮಾ" ಎಂದ.