ಗೇಣು ನೀರಿನ ದೋಣಿ

ಗೆಳೆಯರೇ, ಮಲಪ್ರಭೆಯಲ್ಲಿ ಪ್ರವಾಸಿಗರನ್ನು ಸುತ್ತಾಡಿಸಲು ಪುಟ್ಟ ಜೆಟ್ ದೋಣಿಯೊಂದನ್ನು ಆರಿಸೋಣವೆಂದು ಇವತ್ತು ಐಹೊಳೆಯ ಹೊಳೆದಂಡೆಗೆ ಹೋಗಿದ್ದೆ.

"ಇದಕ್ಕ ಕೆಳಗ ಪಂಖಾ ಇಲ್ರಿ. ತಳದಾಗಿಂದ ನೀರು ಜಗ್ಗಿ ಹಿಂದಕ ಬಿಡತೈತಿ. ಗೇಣ ನೀರಿದ್ರ ಸಾಕು, ಏನೂ ಸಿಕ್ಕೊಳ್ಳಂಗಿಲ್ಲ!" ಎಂದು ಮಾರಾಟಗಾರ ದಂಡೆಗೆಲ್ಲ ಕೇಳುವಂತೆ ಸಾರಿ, ನನ್ನನ್ನು ಕೂರಿಸಿಕೊಂಡು ಹೊರಟ.

ಬಟ್ಟೆ ಒಗೆಯುವ ಕಲ್ಲುಗಳ ಹತ್ತಿರ ದೋಣಿ ನರಳಿ ನಿಂತೇಬಿಟ್ಟಿತು. ತಳಕ್ಕೆ ಕೈಹಾಕಿ ಎಳೆದರೆ ಕೆಂಪು ಸೆರಗು ಬಂತು. ಎಳೆದಷ್ಟೂ ಬಂತು.

ಅಲ್ಲೇ ಆ ಇಳಕಲ್ ಸೀರೆ ಜಾಲಾಡುತ್ತಿದ್ದ ನಮ್ಮ ದೊಡ್ಡವ್ವ ಸೊಂಟಕ್ಕೆ ಕೈಯಿಟ್ಟು ಕೇಳಿದಳು: "ಗೇಣ ನೀರು ಸಾಕಂದಿಯಲ್ಲೋ ತಮ್ಮಾ, ಮ್ಯಾಲೆ ಎಂಟು ಗಜ ಸೀರಿನೂ ಬೇಕೇನು?"

ನಾನಿನ್ನೂ ದೋಣಿ ಆರಿಸಿಲ್ಲ. ಮಾರಾಟಗಾರ ಮಾತ್ರ ದೊಡ್ಡವ್ವನ ಜೊತೆ ಇಳಕಲ್ಲಿನಲ್ಲಿದ್ದಾನೆ. ಮೂರನೇ ಅಂಗಡಿಯಿಂದ ಈಗಷ್ಟೇ ಫೋನ್ ಮಾಡಿದ್ದ: ಆಕೆಗೆ ಇನ್ನೂ ಒಂದು ಸೀರೆಯೂ ಹಿಡಿಸಿಲ್ಲವಂತೆ.