ಹಲ್ಲು ಕಿರಿದ ದೃಷ್ಟಿಬೊಂಬೆ

ನ್ಯಾಮತಿಯಲ್ಲಿ ಮನೆ ಕಟ್ಟಿಸಿದಾಗ ನನಗಿದ್ದದ್ದು ಒಂದೇ ಆಸೆ. ಜಗಳೂರಿನಿಂದ ನನ್ನ ಓರಗಿತ್ತಿ ಬರಬೇಕು, ನನ್ನ ಅಡುಗೆಮನೆ ನೋಡಿ ಹೊಟ್ಟೆ ಉರಿದುಕೊಳ್ಳಬೇಕು. ಸುಳ್ಳೇಕೆ ಹೇಳಲಿ? ಆ ನವಿಲುಬಣ್ಣದ ಟೈಲ್ಸ್‌ಗಾಗಿ ಗಂಡನ ಜೊತೆ ಹದಿನೈದು ದಿನ ಮಾತು ಬಿಟ್ಟವಳು ನಾನು.

ಅತ್ತೆಯ ಚಿಂತೆ ಇದಕ್ಕೆ ತದ್ವಿರುದ್ಧ. ಮನೆಯ ಮೇಲೆ ಯಾರ ಕಣ್ಣೂ ಬೀಳಬಾರದೆಂದು ಚನ್ನಗಿರಿ ಪೇಟೆಯಿಂದ ದೃಷ್ಟಿಬೊಂಬೆ ತರಿಸಿ ಬಾಗಿಲ ಮೇಲೆ ಕಟ್ಟಿಸಿದರು. ಕೋರೆಹಲ್ಲು, ಕೆಂಪು ನಾಲಗೆ, ಹೊರಗೆ ಉಬ್ಬಿದ ಕಣ್ಣುಗುಡ್ಡೆ. ಕಂಡದ್ದೇ ತಡ, ಆರು ವರ್ಷದ ನನ್ನ ಮಗಳು ಹೊಸ್ತಿಲು ದಾಟುವುದಿಲ್ಲ ಎಂದು ರಚ್ಚೆ ಹಿಡಿದಳು.

ಗೃಹಪ್ರವೇಶಕ್ಕೆ ನಾಲ್ಕೇ ದಿನ. ಅವಳ ಭಯ ಬಿಡಿಸಲೆಂದು ಮೊಬೈಲಿನಲ್ಲಿ ಒಂದು ಸಿನಿಮಾ ಹಾಕಿಕೊಟ್ಟೆ. ಕಂಪ್ಯೂಟರಿನಲ್ಲಿ ಬಿಡಿಸಿದ ರಾಕ್ಷಸರ ಸಂಸಾರ ಅದು. ಅಪ್ಪನಿಗೆ ಜಿರಳೆ ಕಂಡರೆ ನಡುಕ, ಅಮ್ಮ ಮಕ್ಕಳ ಕೊಂಬಿಗೆ ಎಣ್ಣೆ ಹಚ್ಚುತ್ತಾ ಬೈಯುತ್ತಾಳೆ. ಮಗಳು ಬಿದ್ದು ಬಿದ್ದು ನಕ್ಕಳು. ಅತ್ತೆಯೂ ಸೆರಗನ್ನು ಬಾಯಿಗೊತ್ತಿಕೊಂಡು ನಗುತ್ತಿದ್ದರು, ಕೇಳಿದರೆ ಕೆಮ್ಮು ಅಂದರು.

ಭಯ ಹೋಯಿತು, ಬೇಕಾದ್ದಕ್ಕಿಂತ ಜಾಸ್ತಿಯೇ ಹೋಯಿತು. ಗೃಹಪ್ರವೇಶದ ಬೆಳಿಗ್ಗೆ ನೋಡುತ್ತೇನೆ, ಪೇಂಟರ್ ಬಿಟ್ಟುಹೋಗಿದ್ದ ಏಣಿ ಹತ್ತಿ ಮಗಳು ಬೊಂಬೆಗೆ ಕನ್ನಡಕ ಬರೆದಿದ್ದಾಳೆ, ಕೆನ್ನೆಗೆ ಗುಲಾಬಿ ಬಳಿದಿದ್ದಾಳೆ, ಬಾಯನ್ನು ಕಿವಿಯವರೆಗೆ ಎಳೆದು ನಗಿಸಿದ್ದಾಳೆ. ಕೋರೆಹಲ್ಲಿಗೆ ಟೂತ್‌ಪೇಸ್ಟ್ ಬೇರೆ. ಅತ್ತೆ ತಲೆ ಮೇಲೆ ಕೈ ಹೊತ್ತು ಕೂತರು.

"ಇದನ್ನ ನೋಡಿ ಯಾರು ಹೆದರ್ತಾರೆ?" ಅಂದರು.

"ಹೆದರ್ಸಾಕೆ ಅಲ್ಲಜ್ಜಿ, ಅದು ಎಲ್ಲಾರನ್ನೂ ಬರ್ರಿ ಬರ್ರಿ ಅಂತೈತೆ," ಅಂದಳು ಮಗಳು.

ಬದಲಿಸಲು ಹೊತ್ತೆಲ್ಲಿತ್ತು? ನೆಂಟರು ಆಗಲೇ ಬಸ್ಸಿಳಿದಿದ್ದರು. ಬಂದವರೆಲ್ಲ ಬಾಗಿಲಲ್ಲೇ ನಿಂತು, ಬೊಂಬೆ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಓರಗಿತ್ತಿಯಂತೂ ಅದರ ಜೊತೆ ಸೆಲ್ಫಿ ಮೇಲೆ ಸೆಲ್ಫಿ. ನಾನು ಅಡುಗೆಮನೆಯ ದೀಪಗಳನ್ನೆಲ್ಲ ಹಾಕಿದೆ. ಅಕ್ಕಾ, ಒಳಗೆ ಬನ್ನಿ ಎಂದು ಮೂರು ಸಲ ಕರೆದೆ. ಬರುತ್ತೇನೆ ತಡಿಯೇ ಎಂದವಳು ಕಾಫಿಯನ್ನೂ ಹೊರಗೇ ತರಿಸಿಕೊಂಡಳು, ಶಾಮಿಯಾನದಲ್ಲಿ ಉಂಡು ಬಸ್ಸು ಹತ್ತಿಯೂಬಿಟ್ಟಳು. ನನಗೆ ಮೈಯೆಲ್ಲ ಉರಿದುಹೋಯಿತು.

ಸಂಜೆ ಅತ್ತೆ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಅವಳ ಕೆನ್ನೆ ಸವರಿದರು. ನನ್ನ ಕಡೆ ತಿರುಗಿ ಹೇಳಿದರು:

"ನೋಡಿದ್ಯೇನೇ? ನಿನ್ನ ಅಡುಗೆಮನೆ ಮ್ಯಾಲೆ ಒಬ್ರ ಕಣ್ಣೂ ಬೀಳ್ಲಿಲ್ಲ."

ನಾನು ಒಳಗೆ ಹೋಗಿ, ಆ ಟೈಲ್ಸನ್ನು ಒಬ್ಬಳೇ ನಿಂತು ಕಣ್ತುಂಬ ನೋಡಿದೆ.